‘ಹುಡುಗ ಕೆಟ್ಟಾನ’ ಅನ್ನುವ ಮೊದಲು



ಎಕಂಬಾ ಕಡೆಯ ಹಳ್ಳಿಗಳಲ್ಲಿ ಸ್ವಸಹಾಯ ಸಂಘದ ಸಭೆ ಮುಗಿದ ಮೇಲೆ ಒಬ್ಬಿಬ್ಬರು ತಾಯಂದಿರು ಹಿಂದೆ ಉಳಿಯುವುದುಂಟು. “ಹುಡುಗ ಕೆಟ್ಟಾನ್ರೀ ಸಿಸ್ಟರ್” ಎಂದು ಮಾತು ಶುರುವಾಗುತ್ತದೆ. ಏನು ಮಾಡಿದ ಎಂದು ಕೇಳಿದರೆ ದೊಡ್ಡದೇನೂ ಇರುವುದಿಲ್ಲ. ಬೆಳಿಗ್ಗೆ ಹತ್ತಕ್ಕೆ ಏಳುತ್ತಾನೆ. ಊಟಕ್ಕೆ ಕರೆದರೆ ಸಿಡುಕುತ್ತಾನೆ. ರಾತ್ರಿ ಎರಡು ಗಂಟೆವರೆಗೆ ಮೊಬೈಲ್. ಹೊಲಕ್ಕೂ ಬರುವುದಿಲ್ಲ, ನೆಂಟರ ಮದುವೆಗೂ ಬರುವುದಿಲ್ಲ. ಬಿ.ಎ. ಮುಗಿಸಿ ಮೂರು ವರ್ಷ ಆಯಿತು.

ಈ ಕೊನೆಯ ಮಾತನ್ನು ತಾಯಿ ಸುಮ್ಮನೆ ಸೇರಿಸಿರುತ್ತಾಳೆ. ನನಗೆ ಮುಖ್ಯವಾಗಿ ಕೇಳಿಸುವುದು ಅದೇ. ಓದು ಮುಗಿದಿದೆ, ಕೆಲಸ ಸಿಕ್ಕಿಲ್ಲ, ಹಾಗಾಗಿ ಮದುವೆಯ ಮಾತೂ ಇಲ್ಲ. ಅವನು ಕಾಯುತ್ತಿದ್ದಾನೆ. ಹೀಗೆ ವರ್ಷಗಟ್ಟಲೆ ಕಾಯುವುದು ಮನುಷ್ಯನ ಮನಸ್ಸಿನ ಮೇಲೆ ಏನು ಮಾಡುತ್ತದೆ ಎಂದು ತಿಳಿಯದೆ ನಾವು ಅವನ ಸ್ವಭಾವಕ್ಕೆ ಹೆಸರಿಡುತ್ತೇವೆ: ಸೋಮಾರಿ, ಹಟಮಾರಿ, ಕೆಟ್ಟವನು.

ಕೆಲಸ ಕೊಡುವುದು ಸಂಬಳ ಮಾತ್ರವೇ?

ಆಸ್ಟ್ರಿಯಾ ದೇಶದ ರಾಜಧಾನಿ ವಿಯೆನ್ನಾ ಹತ್ತಿರ ಮರಿಯೆಂಥಾಲ್ ಎಂಬ ಹಳ್ಳಿಯಿದೆ. 1930ರ ಆಸುಪಾಸಿನಲ್ಲಿ ಅಲ್ಲಿನ ಬಟ್ಟೆ ಗಿರಣಿ ಮುಚ್ಚಿತು. ಊರಿಗೆ ಊರೇ ಕೆಲಸ ಕಳೆದುಕೊಂಡಿತು. ಮರಿ ಯಹೋಡಾ ಎಂಬ ಯುವತಿ ಮತ್ತು ಅವರ ಸಂಗಡಿಗರು ಆ ಊರನ್ನು ಅಧ್ಯಯನ ಮಾಡಿ 1933ರಲ್ಲಿ ವರದಿ ಪ್ರಕಟಿಸಿದರು. ಸಮಾಜಕಾರ್ಯ ಓದಿದವರಿಗೆ ಈ ಹೆಸರು ಗೊತ್ತು. ಅವರು ಕಂಡದ್ದು ವಿಚಿತ್ರವಾಗಿತ್ತು. ಜನರ ಕೈಯಲ್ಲಿ ದಿನವಿಡೀ ಸಮಯವಿತ್ತು, ಆದರೆ ಗ್ರಂಥಾಲಯದಿಂದ ಪುಸ್ತಕ ಒಯ್ಯುವುದು ಮೊದಲಿಗಿಂತ ಕಡಿಮೆಯಾಯಿತು. ಬೀದಿಯಲ್ಲಿ ಗಂಡಸರ ನಡಿಗೆ ನಿಧಾನವಾಯಿತು, ನಡೆನಡೆದು ನಿಲ್ಲುತ್ತಿದ್ದರು. ಬೆಳಿಗ್ಗೆಯಿಂದ ಏನು ಮಾಡಿದೆ ಎಂದು ಕೇಳಿದರೆ ಹೇಳಲು ನೆನಪೇ ಆಗುತ್ತಿರಲಿಲ್ಲ.

ಯಹೋಡಾ ಮುಂದೆ ಇದನ್ನು ಬಿಡಿಸಿ ಹೇಳಿದರು. ಕೆಲಸ ಸಂಬಳವನ್ನಷ್ಟೇ ಕೊಡುವುದಿಲ್ಲ. ದಿನಕ್ಕೆ ಒಂದು ಹೊತ್ತುಗೊತ್ತು ಕೊಡುತ್ತದೆ, ಮನೆಯ ಹೊರಗಿನ ನಾಲ್ಕು ಜನರನ್ನು ಕೊಡುತ್ತದೆ, ಕೈಕಾಲಿಗೆ ಚಟುವಟಿಕೆ ಕೊಡುತ್ತದೆ. ನನ್ನಿಂದ ಯಾರಿಗೋ ಉಪಯೋಗವಿದೆ ಎನ್ನುವ ಭಾವನೆ ಬರುತ್ತದೆ. “ಏನ್ ಮಾಡ್ತೀಯಪ್ಪಾ?” ಎಂದು ಯಾರಾದರೂ ಕೇಳಿದರೆ ಕೊಡಲು ಒಂದು ಉತ್ತರವಿರುತ್ತದೆ. ನಮ್ಮ ಹುಡುಗ ನೆಂಟರ ಮದುವೆಗೆ ಯಾಕೆ ಬರುವುದಿಲ್ಲ ಎನ್ನುವುದು ಈಗ ತಿಳಿಯಿತಲ್ಲವೇ? ಆ ಪ್ರಶ್ನೆ ಅಲ್ಲಿ ಹತ್ತು ಜನರ ಬಾಯಲ್ಲಿ ಬರುತ್ತದೆ. ರಾತ್ರಿ ಮೊಬೈಲ್ ಮಾತ್ರ ಅವನನ್ನು ಏನೂ ಕೇಳುವುದಿಲ್ಲ.

ಇದಕ್ಕೆ ವಯಸ್ಸಿನ ಗುಣವೂ ಸೇರುತ್ತದೆ. ಮುಂದಾಲೋಚನೆ ಮಾಡುವ, ಸಿಟ್ಟು ತಡೆಯುವ ಮೆದುಳಿನ ಮುಂಭಾಗ ಪೂರ್ತಿ ಬಲಿಯುವುದು ಇಪ್ಪತ್ತೈದರ ಹೊತ್ತಿಗೆ. ಹದಿನೆಂಟಕ್ಕೆ ಓಟು ಬಂದ ಮಾತ್ರಕ್ಕೆ ಮನಸ್ಸು ಮಾಗುವುದಿಲ್ಲ. ನಾನು ಯಾರು, ನನ್ನ ಜೊತೆ ಯಾರು ಎಂದು ಹುಡುಕುವ ವಯಸ್ಸಿದು ಎಂದು ಮನೋವಿಜ್ಞಾನಿ ಎರಿಕ್ ಎರಿಕ್ಸನ್ ಹೇಳಿದ್ದರು. ಆ ಹುಡುಕಾಟಕ್ಕೆ ಕೆಲಸ, ಗೆಳೆತನ, ಮದುವೆ ದಾರಿಯಾಗಬೇಕು. ಮೂರೂ ಬಂದ್ ಆಗಿದ್ದರೆ ಮನಸ್ಸು ಎಲ್ಲಿಗೆ ಹೋಗಬೇಕು?

ನಮ್ಮ ಭಾಗದಲ್ಲಿ ಇನ್ನೊಂದಿಷ್ಟು

ಸಂವಿಧಾನದ 371(ಜೆ) ಕಲಂ 2013ರಲ್ಲಿ ಜಾರಿಗೆ ಬಂದಾಗ ಬೀದರ್, ಭಾಲ್ಕಿ, ಔರಾದ್ ಕಡೆಯ ಮನೆಗಳಲ್ಲಿ ಹೊಸ ಆಸೆ ಹುಟ್ಟಿತು. ಓದಿದರೆ ಸರ್ಕಾರಿ ನೌಕರಿಯಲ್ಲಿ ನಮ್ಮ ಮಕ್ಕಳಿಗೂ ಪಾಲಿದೆ ಎಂಬ ಆಸೆ. ಅದು ನ್ಯಾಯವಾದದ್ದೇ, ಅನೇಕರಿಗೆ ಫಲವೂ ಸಿಕ್ಕಿದೆ. ಆದರೆ ಹುದ್ದೆ ಕೆಲವು, ಕಾಯುವವರು ಬಹಳ. ಸೋಯಾ, ತೊಗರಿ ಮಾರಿದ ಹಣ ಕೋಚಿಂಗಿಗೆ ಹೋಗುತ್ತದೆ. ಹಣ ಹೋದ ಮೇಲೆ “ಸಾಕು, ಬೇರೆ ಕೆಲಸ ನೋಡುತ್ತೇನೆ” ಎನ್ನುವ ಧೈರ್ಯ ಹುಡುಗನಿಗಿರುವುದಿಲ್ಲ, ಮನೆಯವರಿಗೂ ಇರುವುದಿಲ್ಲ.

545 ಪಿಎಸ್ಐ ಹುದ್ದೆಗಳ ನೇಮಕಾತಿ ನಿಮಗೆ ನೆನಪಿರಬಹುದು. 2021ರ ಅಕ್ಟೋಬರ್‌ನಲ್ಲಿ ಸುಮಾರು 54 ಸಾವಿರ ಅಭ್ಯರ್ಥಿಗಳು ಪರೀಕ್ಷೆ ಬರೆದರು. ನಮ್ಮ ಪಕ್ಕದ ಕಲಬುರಗಿಯ ಪರೀಕ್ಷಾ ಕೇಂದ್ರವೊಂದರ ಅಕ್ರಮ ಬಯಲಿಗೆ ಬಂದು, 2022ರ ಏಪ್ರಿಲ್‌ನಲ್ಲಿ ಸರ್ಕಾರ ಪರೀಕ್ಷೆಯನ್ನೇ ರದ್ದು ಮಾಡಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಬರೆದವರೂ ಎರಡು ವರ್ಷಕ್ಕಿಂತ ಹೆಚ್ಚು ಕಾಲ ಅದೇ ಪುಸ್ತಕದ ಮುಂದೆ ಕುಳಿತರು. ತಪ್ಪು ಮಾಡದೆ ಶಿಕ್ಷೆ ಅನುಭವಿಸಿದ ಮನಸ್ಸು ಎರಡು ದಾರಿ ಹಿಡಿಯುತ್ತದೆ. ಒಂದೋ ಸಿಟ್ಟು, ಇಲ್ಲವೇ “ನಾನೇನು ಮಾಡಿದರೂ ಅಷ್ಟೇ” ಎನ್ನುವ ಸೋಲು. ಎರಡನೆಯದು ಹೊರಗೆ ಸೋಮಾರಿತನದ ಹಾಗೆ ಕಾಣುತ್ತದೆ, ಅದೇ ತೊಂದರೆ.

ಭಾಷೆಯ ಮಾತನ್ನೂ ಹೇಳಬೇಕು. ಗಡಿ ಭಾಗದ ಮಗು ಮನೆಯಲ್ಲಿ ಮರಾಠಿಯೋ ಲಂಬಾಣಿಯೋ ಉರ್ದುವೋ ಆಡುತ್ತದೆ, ಓಣಿಯಲ್ಲಿ ಬೀದರ್ ಕನ್ನಡ, ಕಾಲೇಜಿಗೆ ಬಂದರೆ ಪುಸ್ತಕದ ಕನ್ನಡ ಇಲ್ಲವೇ ಇಂಗ್ಲಿಷ್. ನಾಲ್ಕು ಭಾಷೆ ಬಲ್ಲವರು ಅವರು! ಆದರೂ ಬೆಂಗಳೂರಿಗೆ ಸಂದರ್ಶನಕ್ಕೆ ಹೋದಾಗ ಅವರ ಮಾತು ಕೇಳಿ ಯಾರೋ ನಗುತ್ತಾರೆ. ಉದಗೀರ್, ದೇಗಲೂರಿಗೆ ಹೋದರೆ ಕರ್ನಾಟಕದವರು ಎನ್ನಿಸಿಕೊಳ್ಳುತ್ತಾರೆ. ಒಬ್ಬ ಯುವಕ ನನಗೆ, “ಸಿಸ್ಟರ್, ನಾನು ಬಾಯಿ ತೆರೆಯುವ ಮೊದಲೇ ಫೇಲ್” ಎಂದಿದ್ದ.

ಹೆಣ್ಣುಮಕ್ಕಳ ದುಃಖ ಕಾಣುವುದಿಲ್ಲ

ಮರಿಯೆಂಥಾಲ್‌ನಲ್ಲಿ ಗಂಡಸರ ನಡಿಗೆ ನಿಧಾನವಾದಾಗಲೂ ಹೆಂಗಸರು ಬೇಗ ಬೇಗನೇ ನಡೆಯುತ್ತಿದ್ದರು. ಅವರ ಮನೆಗೆಲಸ ನಿಂತಿರಲಿಲ್ಲವಲ್ಲ. ನಮ್ಮಲ್ಲೂ ಹಾಗೆಯೇ. ಡಿಗ್ರಿ ಮುಗಿಸಿದ ಮಗಳು ಬೆಳಿಗ್ಗೆ ರೊಟ್ಟಿ ಬಡಿಯುತ್ತಾಳೆ, ನೀರು ತುಂಬುತ್ತಾಳೆ. ಅವಳು ಕೆಟ್ಟಳು ಎಂದು ಯಾರೂ ನನ್ನ ಹತ್ತಿರ ದೂರು ತರುವುದಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನ ಖರ್ಚಿಲ್ಲದೆ ಬೀದರ್ ಕಾಲೇಜಿಗೆ ಹೋಗಿಬರುವುದು ಅವಳಿಗೆ ಸುಲಭವಾಯಿತು, ಸಂತೋಷ. ಕಾಲೇಜು ಮುಗಿದ ಮೇಲೆ ಆ ಬಸ್ಸಿನಲ್ಲಿ ಎಲ್ಲಿಗೆ ಹೋಗಬೇಕು ಎನ್ನುವುದನ್ನು ಮನೆಯವರು ನಿರ್ಧರಿಸುತ್ತಾರೆ. ಮೇಲಿಂದ ಮೇಲೆ ತಲೆನೋವು, ಹೊಟ್ಟೆನೋವು ಎಂದು ಅವಳು ಮಲಗಿದರೆ ಮಾತ್ರೆ ಕೊಡುವುದಷ್ಟೇ ಸಾಲದು. ಬಾಯಿ ಹೇಳಲಾರದ್ದನ್ನು ಬಹಳ ಸಲ ಮೈ ಹೇಳುತ್ತದೆ.

ಬೇಸರವೋ, ಕಾಯಿಲೆಯೋ?

ಎಲ್ಲವನ್ನೂ ಕಾಯಿಲೆ ಎನ್ನಬಾರದು. ಸ್ನೇಹಿತ ಬಂದಾಗ ನಗುತ್ತಾನೆ, ಕ್ರಿಕೆಟ್ ಇದ್ದರೆ ಮೈದಾನಕ್ಕೆ ಓಡುತ್ತಾನೆ ಎಂದರೆ ಅದು ಬೇಸರ. ಆದರೆ ಎರಡು ವಾರಕ್ಕಿಂತ ಹೆಚ್ಚು ಕಾಲ ನಿದ್ದೆ, ಊಟ ಕೆಟ್ಟಿದ್ದರೆ, ಮೊದಲು ಇಷ್ಟವಾಗಿದ್ದ ಯಾವುದರಲ್ಲೂ ‘ಮನಸ್ಸು ಹತ್ತದೆ’ ಇದ್ದರೆ, ಸ್ನಾನ, ಬಟ್ಟೆಯ ಮೇಲೆ ಗಮನ ಹೋಗಿದ್ದರೆ, ಕುಡಿತ ದಿನದ ಅಭ್ಯಾಸವಾಗಿದ್ದರೆ ವೈದ್ಯರನ್ನು ಕಾಣಬೇಕು. ಮಾನಸಿಕ ಕಾಯಿಲೆಗಳ ಪೈಕಿ ಸುಮಾರು ಮುಕ್ಕಾಲು ಭಾಗ ಇಪ್ಪತ್ನಾಲ್ಕರ ವಯಸ್ಸಿನೊಳಗೆ ಶುರುವಾಗುತ್ತವೆ. ಬೇಗ ಚಿಕಿತ್ಸೆ ಸಿಕ್ಕರೆ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ. ಗುಡಿ, ದರ್ಗಾ, ಚರ್ಚಿಗೆ ಹೋಗಬೇಡಿ ಎಂದು ನಾನು ಹೇಳುವುದಿಲ್ಲ, ನಾನೂ ಪ್ರಾರ್ಥಿಸುವವಳೇ. ಪ್ರಾರ್ಥನೆಯ ಹೆಸರಿನಲ್ಲಿ ಔಷಧಿ ಬಿಡಿಸಬೇಡಿ.

“ನಾ ಇದ್ದರೆಷ್ಟು, ಸತ್ತರೆಷ್ಟು” ಎಂದು ಮಗನೋ ಮಗಳೋ ಅಂದರೆ ಬೈಯಬೇಡಿ, ನಕ್ಕು ಹಾರಿಸಬೇಡಿ. ಪಕ್ಕದಲ್ಲಿ ಕುಳಿತು ನೇರವಾಗಿ ಕೇಳಿ: “ಸಾಯಬೇಕು ಅನಿಸ್ತದೇನು, ತಮ್ಮಾ?” ಹೀಗೆ ಕೇಳಿದರೆ ಇಲ್ಲದ ವಿಚಾರ ತಲೆಗೆ ಹೊಕ್ಕೀತು ಎಂದು ಅನೇಕರು ಹೆದರುತ್ತಾರೆ. ಹಾಗೆ ಆಗುವುದಿಲ್ಲ. ಕೇಳುವವರು ಸಿಕ್ಕರೆಂದು ಮನಸ್ಸು ಹಗುರಾಗುತ್ತದೆ. ಆ ದಿನಗಳಲ್ಲಿ ಒಬ್ಬರನ್ನೇ ಬಿಡಬೇಡಿ. ಬೆಳೆಗೆ ಹೊಡೆಯುವ ಔಷಧಿಯನ್ನು ಮನೆಯಲ್ಲಿಡದೆ ಬೇರೆಯವರ ಹತ್ತಿರ ಬೀಗ ಹಾಕಿಸಿ ಇಡಿ. ಇದು ಸಣ್ಣ ವಿಷಯವಲ್ಲ. ಶ್ರೀಲಂಕಾದಲ್ಲಿ 1995ರಿಂದ ಅತಿ ವಿಷಕಾರಿ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿದ ಮೇಲೆ ಎರಡು ದಶಕಗಳಲ್ಲಿ ಆತ್ಮಹತ್ಯೆಯ ಪ್ರಮಾಣ ಅರ್ಧಕ್ಕಿಂತ ಕೆಳಗಿಳಿಯಿತು. ಗಂಡಾಂತರದ ಆ ಕೆಲವು ಗಂಟೆ ದಾಟಿದರೆ ಎಷ್ಟೋ ಜೀವ ಉಳಿಯುತ್ತವೆ.

ಪೊಲೀಸ್ ಕೇಸ್ ಆಗುತ್ತದೆ ಎಂದು ಹೆದರಿ ಆಸ್ಪತ್ರೆಗೆ ಒಯ್ಯಲು ತಡ ಮಾಡುವವರಿದ್ದಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಅಂಥವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಿ, ಅವರಿಗೆ ಆರೈಕೆ ಕೊಡುವುದು ಸರ್ಕಾರದ ಕರ್ತವ್ಯ ಎನ್ನುತ್ತದೆ. ಹಳೆಯ ದಂಡ ಸಂಹಿತೆಯ 309ನೇ ಕಲಂ, 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇಲ್ಲ.

ಜಗದ್ಗುರು ಪೋಪ್ ಫ್ರಾನ್ಸಿಸ್‌ರವರು 2018ರ ಅಕ್ಟೋಬರ್‌ನಲ್ಲಿ ಯುವಜನರ ಕುರಿತಾಗಿಯೇ ಧರ್ಮಾಧ್ಯಕ್ಷರ ಸಿನೋಡ್ ನಡೆಸಿದರು. ಧರ್ಮಸಭೆ ಮೊದಲು ಯುವಜನರಿಗೆ ಕಿವಿಗೊಡಬೇಕು ಎನ್ನುವುದು ಅಲ್ಲಿ ಮತ್ತೆ ಮತ್ತೆ ಬಂದ ಮಾತು. ಮನೆಯಲ್ಲೂ ಅಷ್ಟೇ. “ನೌಕರಿ ಏನಾಯ್ತು?” ಎಂದು ದಿನಾ ಕೇಳುವುದನ್ನು ಒಂದು ತಿಂಗಳು ಬಿಟ್ಟು ನೋಡಿ. ಬದಲಿಗೆ ಹೊತ್ತು ಗೊತ್ತಿರುವ ಒಂದು ಜವಾಬ್ದಾರಿ ಕೊಡಿ. ಸಂಘದ ಲೆಕ್ಕ ಬರೆಯುವುದು, ಸಂಜೆ ಓಣಿಯ ಮಕ್ಕಳಿಗೆ ಪಾಠ ಹೇಳುವುದು, ಹಾಲಿನ ಡೈರಿಗೆ ಹೋಗುವುದು, ಯಾವುದಾದರೂ ಸರಿ. ಪರೀಕ್ಷೆ ಇನ್ನೆಷ್ಟು ಸಲ, ಆಮೇಲೆ ಏನು ಎನ್ನುವುದನ್ನು ಕೂತು ಮಾತಾಡಿ ಒಂದು ವರ್ಷ ಗೊತ್ತು ಮಾಡಿಕೊಳ್ಳಿ.

ಸಹಾಯಕ್ಕೆ ದೂರ ಹೋಗಬೇಕಿಲ್ಲ. ಹಳ್ಳಿಗಾಡಿನ ಮಾನಸಿಕ ಚಿಕಿತ್ಸೆಗೆ ದೇಶಕ್ಕೇ ಮಾದರಿಯಾದ ಜಿಲ್ಲಾ ಯೋಜನೆಯನ್ನು ನಿಮ್ಹಾನ್ಸ್ ಸಂಸ್ಥೆ 1985ರಲ್ಲಿ ಶುರು ಮಾಡಿದ್ದು ನಮ್ಮದೇ ಕಲ್ಯಾಣ ಕರ್ನಾಟಕದ ಬಳ್ಳಾರಿಯಲ್ಲಿ. ಈಗ ಬೀದರ್‌ನ ಬ್ರಿಮ್ಸ್ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ತಾಲ್ಲೂಕು ಆಸ್ಪತ್ರೆಗೆ ಅವರು ಯಾವ ದಿನ ಬರುತ್ತಾರೆಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ಬಸ್ಸಿಲ್ಲದ ರಾತ್ರಿಯಲ್ಲಿ 14416ಕ್ಕೆ ಫೋನ್ ಮಾಡಿ. ಇದು 2022ರ ಅಕ್ಟೋಬರ್‌ನಲ್ಲಿ ಶುರುವಾದ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸೇವೆ. ಹಗಲು ರಾತ್ರಿ ಸಿಗುತ್ತದೆ, ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲೂ ಮರಾಠಿಯಲ್ಲೂ ಮಾತಾಡಬಹುದು. ಮಗ ಮಾತಾಡಲು ಒಪ್ಪದಿದ್ದರೆ ಮೊದಲ ಸಲ ತಾಯಿಯೇ ಫೋನ್ ಮಾಡಿ ಹೇಗೆ ನಡೆದುಕೊಳ್ಳಬೇಕೆಂದು ಕೇಳಬಹುದು.