ಮುಂದಿನ ಮಗುವಿಗಾಗಿ ಈ ಹೆರಿಗೆಯಲ್ಲೊಂದು ಇಂಜೆಕ್ಷನ್

ಹುಟ್ಟಿದ ಮಕ್ಕಳು ಉಳಿಯದ ಮನೆಗಳಲ್ಲಿ ಮತ್ತೆ ಹುಟ್ಟಿದ ಕೂಸನ್ನು ತಿಪ್ಪೆಯ ಮೇಲೆ ಹೊರಳಿಸಿ ತಿಪ್ಪಯ್ಯ, ತಿಪ್ಪಮ್ಮ ಎಂದು ಹೆಸರಿಡುವ ರೂಢಿ ನಮ್ಮಲ್ಲಿತ್ತು. ಆ ಸಾವುಗಳಿಗೆ ಕಾರಣ ಹತ್ತಾರು: ಧನುರ್ವಾಯು, ಭೇದಿ, ತೂಕವಿಲ್ಲದ ಕೂಸು. ಆದರೆ ಒಂದು ಬಗೆಯ ಸಾವಿಗೆ ಮಾತ್ರ ವಿಚಿತ್ರವಾದ ಕ್ರಮವಿತ್ತು. ಚೊಚ್ಚಲ ಮಗು ಗಟ್ಟಿಮುಟ್ಟಾಗಿ ಬೆಳೆಯುತ್ತಿತ್ತು. ಎರಡನೆಯದು ಹುಟ್ಟಿದ ದಿನವೇ ಅರಿಸಿನ ಬಳಿದಂತೆ ಹಳದಿಗಟ್ಟುತ್ತಿತ್ತು. ಮೂರನೆಯದು ಮೈತುಂಬ ನೀರು ತುಂಬಿಕೊಂಡು ಹೊಟ್ಟೆಯಲ್ಲೇ ತೀರಿಹೋಗುತ್ತಿತ್ತು. ದೂರು ತಾಯಿಯ ಹಣೆಬರಹದ ಮೇಲೆ.

ಇದರ ಸುಳಿವು ಸಿಕ್ಕಿದ್ದು ನ್ಯೂಯಾರ್ಕಿನಲ್ಲಿ. ಮಗು ಹೊಟ್ಟೆಯಲ್ಲೇ ಸತ್ತಿದ್ದ ಒಬ್ಬ ಹೆಂಗಸಿಗೆ ಗಂಡನ ರಕ್ತ ಕೊಟ್ಟರು. ಗುಂಪು ಹೊಂದಿದ್ದರೂ ಆಕೆಯ ದೇಹಕ್ಕೆ ಅದು ಒಗ್ಗಲಿಲ್ಲ. 1939ರಲ್ಲಿ ಈ ಪ್ರಕರಣವನ್ನು ವರದಿ ಮಾಡಿದ ಫಿಲಿಪ್ ಲೆವಿನ್ ಮತ್ತು ರೂಫಸ್ ಸ್ಟೆಟ್ಸನ್, ಮಗು ತಂದೆಯಿಂದ ಪಡೆದ ಯಾವುದೋ ಅಂಶದ ವಿರುದ್ಧ ತಾಯಿಯ ದೇಹ ಪ್ರತಿಕಾಯ ತಯಾರಿಸಿರಬೇಕು ಎಂದರು. ಮರುವರ್ಷ ಲ್ಯಾಂಡ್‌ಸ್ಟೈನರ್ ಮತ್ತು ವೀನರ್ ಆರ್‌ಎಚ್ ಅಂಶವನ್ನು ಪ್ರಕಟಿಸಿದರು. ಕೆಂಪು ರಕ್ತಕಣದ ಪೊರೆಯ ಮೇಲೆ 'ಡಿ' ಎಂಬ ಪ್ರೋಟೀನು ಇದ್ದರೆ ನಾವು ಪಾಸಿಟಿವ್, ಇಲ್ಲದಿದ್ದರೆ ನೆಗೆಟಿವ್. ಯುರೋಪಿನ ಬಿಳಿಯರಲ್ಲಿ ನೂರಕ್ಕೆ ಸುಮಾರು 15 ಮಂದಿ ನೆಗೆಟಿವ್, ಭಾರತೀಯರಲ್ಲಿ ಸುಮಾರು 5 ಮಂದಿ.

ತಾಯಿ ನೆಗೆಟಿವ್, ಮಗು ಪಾಸಿಟಿವ್ ಎಂದಿಟ್ಟುಕೊಳ್ಳಿ. ಬಸಿರಿನಲ್ಲಿ ಇಬ್ಬರ ರಕ್ತ ಬಹುಮಟ್ಟಿಗೆ ಬೇರೆಬೇರೆಯಾಗಿಯೇ ಹರಿಯುತ್ತದೆ. ಹೆರಿಗೆಯಲ್ಲಿ ಮಾಸು ಕಳಚುವಾಗ ಮಗುವಿನ ರಕ್ತ ತುಸು ತಾಯಿಯೊಳಕ್ಕೆ ನುಸುಳುತ್ತದೆ. ತಾಯಿಯ ರೋಗನಿರೋಧಕ ವ್ಯವಸ್ಥೆಗೆ 'ಡಿ' ಅಪರಿಚಿತ. ಅದು ಪ್ರತಿಕಾಯ ಮಾಡಲು ತೊಡಗುತ್ತದೆ, ಆದರೆ ನಿಧಾನವಾಗಿ. ಅಷ್ಟರಲ್ಲಿ ಮಗು ಹೊರಗೆ ಬಂದಾಗಿದೆ. ಚೊಚ್ಚಲ ಮಗು ಸಾಮಾನ್ಯವಾಗಿ ಪಾರಾಗುವುದು ಹೀಗೆ. ಮುಂದಿನ ಬಸಿರಿನಲ್ಲಿ ಕಥೆ ಬೇರೆ. ದೇಹಕ್ಕೆ ಹಳೆಯ ನೆನಪಿದೆ. ಈ ಸಲ ಅದು ಬೇಗನೆ ಮಾಡುವುದು ಐಜಿಜಿ ಎಂಬ ಪ್ರತಿಕಾಯ. ಕೂಸಿಗೆ ತಾಯಿಯ ರಕ್ಷಣೆ ಸಿಗಲೆಂದು ಮಾಸು ಐಜಿಜಿಯನ್ನು ದಾಟಿಸುತ್ತದೆ. ಅದೇ ದಾರಿಯಲ್ಲಿ ಮಗುವಿನ ಕೆಂಪು ಕಣಗಳನ್ನು ಒಡೆಸುವ ಪ್ರತಿಕಾಯವೂ ಬರುತ್ತದೆ. ರಕ್ತ ಸಾಲದೆ ಮಗುವಿನ ಹೃದಯ ಸೋಲುತ್ತದೆ. ಹುಟ್ಟಿ ಉಳಿದರೆ, ಒಡೆದ ಕಣಗಳಿಂದ ಬಂದ ಬಿಲಿರುಬಿನ್ ಅನ್ನು ಅದರ ಎಳೆಯ ಯಕೃತ್ತು ಹೊರಹಾಕಲಾರದೆ ಕಾಮಾಲೆ ಏರಿ ಮೆದುಳಿಗೆ ಪೆಟ್ಟಾಗಬಹುದು.

ಪರಿಹಾರ ಹೊಳೆದದ್ದು ಚಿಟ್ಟೆಗಳ ಹುಚ್ಚಿದ್ದ ಒಬ್ಬ ವೈದ್ಯರ ಬಳಗದಲ್ಲಿ. ಲಿವರ್‌ಪೂಲಿನ ಸಿರಿಲ್ ಕ್ಲಾರ್ಕ್ ಚಿಟ್ಟೆಗಳ ರೆಕ್ಕೆಯ ಬಣ್ಣಬಣ್ಣದ ವಿನ್ಯಾಸ ಹೇಗೆ ವಂಶಪಾರಂಪರ್ಯವಾಗಿ ಬರುತ್ತದೆ ಎಂದು ಅಭ್ಯಾಸ ಮಾಡುತ್ತಿದ್ದವರು. ಅಲ್ಲಿಂದ ಅವರ ಗಮನ ರಕ್ತದ ಗುಂಪುಗಳ ಕಡೆ ಹೊರಳಿತು. ತಾಯಿ ಒ ಗುಂಪು, ಮಗು ಎ ಗುಂಪು ಆಗಿದ್ದರೆ ಆರ್‌ಎಚ್ ತೊಂದರೆ ಕಡಿಮೆ ಎಂಬುದನ್ನು ಲೆವಿನ್ ಮೊದಲೇ ಗಮನಿಸಿದ್ದರು. ತಾಯಿಯಲ್ಲಿ ಸಹಜವಾಗಿಯೇ ಇರುವ ಎ-ವಿರೋಧಿ ಪ್ರತಿಕಾಯ ಮಗುವಿನ ಕಣಗಳನ್ನು ಬೇಗ ಅಳಿಸಿಬಿಡುವುದರಿಂದ 'ಡಿ'ಯ ಪರಿಚಯವೇ ಆಗುವುದಿಲ್ಲ. ಹಾಗಾದರೆ ಇದನ್ನೇ ನಕಲು ಮಾಡಿ, ಹೆತ್ತ ಕೂಡಲೇ ತಾಯಿಗೆ ಡಿ-ವಿರೋಧಿ ಪ್ರತಿಕಾಯ ಚುಚ್ಚಿದರೆ? ಕ್ಲಾರ್ಕ್ ಅವರ ಜೊತೆಗಿದ್ದ ರೊನಾಲ್ಡ್ ಫಿನ್ 1960ರಲ್ಲಿ ಮುಂದಿಟ್ಟದ್ದು ಈ ಸಲಹೆ. ರೋಗ ತರುವುದು ಯಾವುದೋ ಅದನ್ನೇ ಔಷಧಿಯಾಗಿ ಕೊಡಿ ಎಂದಂತಾಯಿತು! ಮೊದಲ ಯತ್ನ ತಿರುಗುಬಾಣವೂ ಆಯಿತು: ಸ್ವಯಂಸೇವಕರಿಗೆ ಐಜಿಎಂ ಬಗೆಯ ಪ್ರತಿಕಾಯ ಕೊಟ್ಟಾಗ ಅವರ ದೇಹ ಇನ್ನಷ್ಟು ಸುಲಭವಾಗಿ ಕೆರಳಿತು. ಐಜಿಜಿಗೆ ಬದಲಾಯಿಸಿದ ಮೇಲೆ ಫಲ ಕಂಡಿತು. ಅಷ್ಟಾದರೂ ಇದು ಒಳಗೆ ಕೆಲಸ ಮಾಡುವ ಬಗೆ ಇಂದಿಗೂ ಪೂರ್ತಿ ತಿಳಿದಿಲ್ಲ.

ಅತ್ತ ನ್ಯೂಯಾರ್ಕಿನಲ್ಲಿ ಫ್ರೀಡಾ, ಗಾರ್ಮನ್, ಪೊಲ್ಲಾಕ್ ಎಂಬ ಮೂವರು ಸ್ವತಂತ್ರವಾಗಿ ಇದೇ ದಾರಿ ಹಿಡಿದಿದ್ದರು. ಅವರ ಪ್ರಯೋಗಕ್ಕೆ ಒಡ್ಡಿಕೊಂಡವರು ಸಿಂಗ್ ಸಿಂಗ್ ಜೈಲಿನ ಕೈದಿಗಳು. ಹೆರಿಗೆಯಾಗಿ 72 ಗಂಟೆಯೊಳಗೆ ಇಂಜೆಕ್ಷನ್ ಕೊಡಬೇಕು ಎಂಬ ಇಂದಿನ ನಿಯಮದ ಹಿಂದೆ ಇರುವುದು ಜೈಲಿನ ಅಧಿಕಾರಿಗಳು ಸಂಶೋಧಕರನ್ನು ಒಳಬಿಡುತ್ತಿದ್ದ ದಿನಗಳ ಅಂತರ, ಜೀವಶಾಸ್ತ್ರವಲ್ಲ. ಆದ್ದರಿಂದಲೇ ಮೂರು ದಿನ ಮೀರಿದರೂ ಕೊಡುವುದು ಕೊಡದಿರುವುದಕ್ಕಿಂತ ಮೇಲು. 1968ರಲ್ಲಿ ಅಮೆರಿಕ ಈ ಔಷಧಿಗೆ ಅನುಮತಿ ಕೊಟ್ಟಿತು.

ಫಲಿತಾಂಶ ಅಂಕಿಗಳಲ್ಲೇ ಇದೆ. ಏನೂ ಮಾಡದಿದ್ದರೆ ಪಾಸಿಟಿವ್ ಮಗು ಹೆತ್ತ ನೆಗೆಟಿವ್ ತಾಯಂದಿರಲ್ಲಿ ನೂರಕ್ಕೆ ಸುಮಾರು 16 ಮಂದಿಯಲ್ಲಿ ಪ್ರತಿಕಾಯ ಮೂಡುತ್ತದೆ. ಹೆರಿಗೆಯ ನಂತರದ ಇಂಜೆಕ್ಷನ್ ಅದನ್ನು 2ಕ್ಕಿಂತ ಕೆಳಗಿಳಿಸುತ್ತದೆ. 28ನೇ ವಾರದಲ್ಲೂ ಒಂದು ಕೊಟ್ಟರೆ ಸಾವಿರಕ್ಕೆ ಒಬ್ಬಿಬ್ಬರು. ಚುಚ್ಚಿದ್ದು ಕೆಲವೇ ತಿಂಗಳಲ್ಲಿ ಕರಗಿಹೋಗುವುದರಿಂದ ಪ್ರತಿ ಬಸಿರಿನಲ್ಲೂ ಹೊಸದಾಗಿ ಬೇಕು.

ಆದರೆ ತಾಯಿಯಲ್ಲಿ ಪ್ರತಿಕಾಯ ಒಮ್ಮೆ ಮೂಡಿಬಿಟ್ಟರೆ ಈ ಇಂಜೆಕ್ಷನ್ ಪೂರ್ತಿ ವ್ಯರ್ಥ. ಇಂಡೈರೆಕ್ಟ್ ಕೂಂಬ್ಸ್ ಟೆಸ್ಟ್ ಮಾಡಿಸುವುದು ಅದನ್ನು ತಿಳಿಯಲೆಂದೇ. ಅಂಥ ತಾಯಂದಿರಿಗೂ ದಾರಿಯಿದೆ: ಮಗುವಿನ ಮೆದುಳಿನ ರಕ್ತನಾಳದಲ್ಲಿ ಹರಿವಿನ ವೇಗವನ್ನು ಡಾಪ್ಲರ್‌ನಲ್ಲಿ ನೋಡಿ ರಕ್ತಹೀನತೆ ಅಳೆಯಬಹುದು, ಹೊಟ್ಟೆಯಲ್ಲಿರುವಾಗಲೇ ಅದಕ್ಕೆ ರಕ್ತ ಕೊಡಬಹುದು. 1963ರಲ್ಲಿ ನ್ಯೂಜಿಲೆಂಡಿನ ವಿಲಿಯಂ ಲೈಲಿ ಹೀಗೆ ರಕ್ತ ಕೊಡುವುದನ್ನು ಮಾಡಿ ತೋರಿಸಿದ್ದರು. ಆದರೆ ಅದಕ್ಕೆ ದೊಡ್ಡ ಆಸ್ಪತ್ರೆ, ಪಳಗಿದ ಕೈ ಬೇಕು.

ನಮ್ಮ ತಾಯಿ ಕಾರ್ಡ್‌ನಲ್ಲಿ ರಕ್ತದ ಗುಂಪು ಬರೆಯುವ ಜಾಗವಿದೆ. ಅಲ್ಲಿ ನೆಗೆಟಿವ್ ಎಂದು ಬಂದರೆ ಗಂಡನ ಗುಂಪನ್ನೂ ನೋಡಿಸಬೇಕು. ಇಬ್ಬರೂ ನೆಗೆಟಿವ್ ಆದರೆ ಚಿಂತೆಯಿಲ್ಲ. ಜನ ಮರೆಯುವುದು ಹೆರಿಗೆಯನ್ನಲ್ಲ, ಗರ್ಭಪಾತವನ್ನು. ತಿಂಗಳು ತುಂಬದೆ ಹೋದದ್ದು, ನಾಳದಲ್ಲಿ ನಿಂತ ಬಸಿರು, ಬಿದ್ದು ಹೊಟ್ಟೆಗೆ ಪೆಟ್ಟಾದದ್ದು: ಇವುಗಳಲ್ಲೂ ರಕ್ತ ದಾಟಬಹುದು. 12 ವಾರಕ್ಕೆ ಮುಂಚಿನ ಗರ್ಭಪಾತಕ್ಕೆ ಇಂಜೆಕ್ಷನ್ ಬೇಕೇ ಎಂಬುದರಲ್ಲಿ ವೈದ್ಯರಲ್ಲಿ ಒಮ್ಮತವಿಲ್ಲ. ಆದರೂ ಆದದ್ದನ್ನು ವೈದ್ಯರ ಮುಂದೆ ಮುಚ್ಚಿಡಬಾರದು. ಇಂಜೆಕ್ಷನ್‌ಗೆ ಕೆಲವು ಸಾವಿರ ರೂಪಾಯಿ ಆಗುವುದರಿಂದ, ಹೆರಿಗೆಯ ಆಸ್ಪತ್ರೆಯಲ್ಲಿ ಅದು ಸಿಗುತ್ತದೆಯೇ ಎಂದು ಏಳನೆಯ ತಿಂಗಳಲ್ಲೇ ವಿಚಾರಿಸಿಟ್ಟುಕೊಳ್ಳುವುದು ಲೇಸು.

ಇಷ್ಟು ಕಾಲ ಈ ಔಷಧಿಯ ಮುಖ್ಯ ಮೂಲ ಮನುಷ್ಯರೇ. ಪ್ರತಿಕಾಯ ತುಂಬಿದ ಪ್ಲಾಸ್ಮಾ ದಾನ ಮಾಡುವವರು ಬೇಕು. ಆಸ್ಟ್ರೇಲಿಯಾದ ಜೇಮ್ಸ್ ಹ್ಯಾರಿಸನ್ 14ನೇ ವಯಸ್ಸಿನಲ್ಲಿ ಎದೆಯ ಶಸ್ತ್ರಚಿಕಿತ್ಸೆಯಾದಾಗ ಬೇರೆಯವರ ರಕ್ತದಿಂದ ಬದುಕಿದವರು. ಮುಂದೆ 81ನೇ ವಯಸ್ಸಿನವರೆಗೆ 1173 ಸಲ ದಾನ ಮಾಡಿದರು. ಅವರಿಂದ 24 ಲಕ್ಷ ಶಿಶುಗಳಿಗೆ ನೆರವಾಯಿತೆಂಬುದು ಅಲ್ಲಿನ ರಕ್ತಸೇವಾ ಸಂಸ್ಥೆಯ ಅಂದಾಜು. ಹ್ಯಾರಿಸನ್ 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಅಲ್ಲಿನ ವಿಜ್ಞಾನಿಗಳು ಈಗ ಇಂಥ ದಾನಿಗಳ ರಕ್ತಕೋಶಗಳ ಆಧಾರದಿಂದ ಪ್ರಯೋಗಾಲಯದಲ್ಲೇ ಪ್ರತಿಕಾಯ ಬೆಳೆಸಲು ಹೆಣಗುತ್ತಿದ್ದಾರೆ. ದಾನಿಗಳ ಪ್ಲಾಸ್ಮಾ ಬೇಡದ, ಕೋಶಗಳಿಂದ ತಯಾರಿಸಿದ ಡಿ-ವಿರೋಧಿ ಪ್ರತಿಕಾಯ ಭಾರತದಲ್ಲಿ ಆಗಲೇ ಮಾರಾಟದಲ್ಲಿದೆ.