ಅಂಕಿತವಿಲ್ಲದ ಭಾವಚಿತ್ರ

ವಚನವೊಂದು ಕೈಗೆ ಬಂದಾಗ ವಿದ್ವಾಂಸರು ಮೊದಲು ಅರಸುವುದು ಅಂಕಿತವನ್ನು. ಕೂಡಲಸಂಗಮದೇವ ಎಂದಿದ್ದರೆ ಬಸವಣ್ಣನವರದು, ಚೆನ್ನಮಲ್ಲಿಕಾರ್ಜುನ ಎಂದಿದ್ದರೆ ಅಕ್ಕಮಹಾದೇವಿಯವರದು. ಆದರೆ ಅಂಕಿತವೊಂದೇ ಸಾಲದು. ಅನ್ಯರ ರಚನೆಗಳೂ ಶರಣರ ಅಂಕಿತದೊಡನೆ ಬೆರೆತಿರುವುದರಿಂದ ಭಾಷೆ, ಭಾವ, ಓಲೆಪ್ರತಿಗಳ ಆಧಾರ ಎಲ್ಲವನ್ನೂ ತೂಗಬೇಕಾಗುತ್ತದೆ. ಹಾಗಾದರೆ ಅಂಕಿತವೇ ಇಲ್ಲದ ಕೃತಿಯ ಪಾಡೇನು? ಇಟಲಿಯ ಕುಲೀನ ಕನ್ಯೆಯೊಬ್ಬಳ ಭಾವಚಿತ್ರದ ವಿವಾದ ಈ ದೃಷ್ಟಿಯಿಂದ ಮನನೀಯವಾಗಿದೆ.

ಚಿತ್ರ ಚಿಕ್ಕದು, ಎತ್ತರ 33 ಸೆಂಟಿಮೀಟರ್, ಅಗಲ ಸುಮಾರು 24. ಚರ್ಮಪತ್ರದ ಮೇಲೆ ಬಣ್ಣದ ಸೀಮೆಸುಣ್ಣ ಹಾಗೂ ಮಸಿಯಿಂದ ಬರೆದದ್ದು. ಉದ್ದ ಜಡೆ ಬಿಗಿದ, ಪಕ್ಕಕ್ಕೆ ಮುಖಮಾಡಿದ ಬಾಲೆ. 1998ರಲ್ಲಿ ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜಿನಲ್ಲಿ ಇದು ಹತ್ತೊಂಬತ್ತನೆಯ ಶತಮಾನದ ಜರ್ಮನ್ ಕೃತಿಯೆಂದು 21,850 ಡಾಲರಿಗೆ ಮಾರಾಟವಾಯಿತು. 2007ರಲ್ಲಿ ಪೀಟರ್ ಸಿಲ್ವರ್‌ಮನ್ ಎಂಬ ಸಂಗ್ರಾಹಕರು ಹೆಚ್ಚುಕಡಿಮೆ ಅಷ್ಟೇ ಬೆಲೆಗೆ ಕೊಂಡರು. ಮುಂದೆ ಆಕ್ಸ್‌ಫರ್ಡಿನ ವಿದ್ವಾಂಸ ಮಾರ್ಟಿನ್ ಕೆಂಪ್ ಅವರು ಇದು ಲಿಯೊನಾರ್ಡೊ ದ ವಿಂಚಿಯ ಕೃತಿಯೆಂದು ಪ್ರತಿಪಾದಿಸಿ, ‘ಸುಂದರ ರಾಜಕುಮಾರಿ’ ಎಂಬರ್ಥದ ‘ಲಾ ಬೆಲ್ಲಾ ಪ್ರಿನ್ಸಿಪೆಸಾ’ ಎಂಬ ಹೆಸರಿತ್ತರು. ಆಕೆ ಮಿಲಾನಿನ ದೊರೆ ಲುಡೊವಿಕೊ ಸ್ಫೋರ್ಜಾನ ಮಗಳು ಬಿಯಾಂಕಾ ಎಂಬುದು ಅವರ ಮತ. ಬಿಯಾಂಕಾ 1496ರಲ್ಲಿ ಮದುವೆಯಾಗಿ ಅದೇ ವರ್ಷ ಎಳೆಯ ಪ್ರಾಯದಲ್ಲಿಯೇ ತೀರಿಕೊಂಡಳು.

ಪ್ರತಿಯೊಂದು ಪ್ರಮಾಣಕ್ಕೂ ಪ್ರತಿವಾದವುಂಟು. ಗೀಟುಗಳು ಎಡಗೈಯವು, ಲಿಯೊನಾರ್ಡೊ ಎಡಚನಾಗಿದ್ದ. ಆದರೆ ಎಡಗೈ ಗೀಟನ್ನು ಅನುಕರಿಸಬಹುದು. ಇಂಗಾಲ ಪರೀಕ್ಷೆಯು ಚರ್ಮವನ್ನು 1440ರಿಂದ 1650ರ ನಡುವಿನದೆಂದು ತೋರಿಸಿತು. ಆದರೆ ಹಳೆಯ ಚರ್ಮದ ಮೇಲೆ ಹೊಸ ಚಿತ್ರ ಬರೆಯಲು ಅಡ್ಡಿಯೇನು? 2011ರಲ್ಲಿ ಕೆಂಪ್ ಅವರು, ಇದು ವಾರ್ಸಾದಲ್ಲಿರುವ ಸ್ಫೋರ್ಜಾ ವಂಶಚರಿತ್ರೆಯ ಗ್ರಂಥದಿಂದ ಕತ್ತರಿಸಿದ ಹಾಳೆಯೆಂದು ಹೊಲಿಗೆಯ ರಂಧ್ರಗಳ ಆಧಾರದಿಂದ ವಾದಿಸಿದರು. ಗ್ರಂಥದಲ್ಲಿ ಐದು ರಂಧ್ರಗಳಿದ್ದು ಚಿತ್ರದಲ್ಲಿ ಮೂರೇ ಇವೆಯೆಂದು ವಿರೋಧಿಗಳು ಎತ್ತಿ ತೋರಿಸಿದರು. ನಕಲಿ ಕಲಾಕೃತಿಗಳಿಗಾಗಿ ಸೆರೆವಾಸ ಕಂಡಿದ್ದ ಇಂಗ್ಲೆಂಡಿನ ಶಾನ್ ಗ್ರೀನ್‌ಹಾಲ್ಷ್ 2015ರಲ್ಲಿ, ಇದನ್ನು 1978ರಲ್ಲಿ ಬರೆದವನು ತಾನೇ ಎಂದು ಹೇಳಿಕೊಂಡ. ಅದನ್ನು ಕೆಂಪ್ ಅವರು ಒಪ್ಪಲಿಲ್ಲ. ವಿದ್ವಾಂಸರಲ್ಲಿ ಒಮ್ಮತ ಮೂಡಿಲ್ಲ.

ಲಿಯೊನಾರ್ಡೊನದಾದರೆ ಬೆಲೆ ಕೋಟಿ ಕೋಟಿ, ಅಲ್ಲವಾದರೆ ಅತ್ಯಲ್ಪ. ರೇಖೆಯೊಂದೂ ಬದಲಾಗದೆ ಬೆಲೆ ಮಾತ್ರ ಬದಲಾಗುವುದು ವಿಚಿತ್ರವಲ್ಲವೆ? ಆದರೂ ಕರ್ತೃನಿರ್ಣಯ ವ್ಯರ್ಥವಲ್ಲ. ಒಬ್ಬರ ದುಡಿಮೆಯನ್ನು ಇನ್ನೊಬ್ಬರ ಹೆಸರಿಗೆ ಬರೆಯುವುದು ಕಾಯಕಕ್ಕೆ ಬಗೆದ ದ್ರೋಹ. ಪ್ರಿಯವಾದುದನ್ನೇ ಪ್ರಮಾಣವೆಂದು ನಂಬುವುದೂ ಸತ್ಯಕ್ಕೆ ಸಲ್ಲದು.

ಫ.ಗು. ಹಳಕಟ್ಟಿಯವರು ಓಲೆಪ್ರತಿಗಳನ್ನು ಅರಸಿ ಕಲೆಹಾಕಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಬೆಳಕಿಗೆ ತಂದರು. ಈಗಲೂ ಯಾವ ಮನೆಯ ಜಗುಲಿಯಲ್ಲಾದರೂ ಹಳೆಯ ಕಟ್ಟೊಂದು ಇದ್ದರೆ, ಅದರ ದಾರ, ಹಲಗೆ, ಕೊನೆಯ ಗರಿಯಲ್ಲಿ ಲಿಪಿಕಾರನು ಬರೆದ ಮಾತು ಯಾವುದನ್ನೂ ಬೇರ್ಪಡಿಸಬಾರದು. ಬಿಯಾಂಕಾಳ ಚಿತ್ರ ಯಾವ ಗ್ರಂಥದ್ದೆಂಬುದು ಮೂರು ರಂಧ್ರಗಳ ಮೇಲೆ ನಿಂತಿದೆ. ನಮ್ಮ ಮನೆಯ ಕಟ್ಟಿಗೂ ಅಂಥದೇ ಸಾಕ್ಷ್ಯ ಬೇಕಾದೀತು.