ನೆನಪಿನ ನೆಲೆ: ಬಾಲಕೃಷ್ಣ ಮತ್ತು ನಾಗೇಗೌಡ

ಕನ್ನಡ ಚಿತ್ರರಂಗದ ಪೋಷಕ ನಟ ಟಿ.ಎನ್. ಬಾಲಕೃಷ್ಣ ಹಾಗೂ ಜಾನಪದ ವಿದ್ವಾಂಸ ಎಚ್.ಎಲ್. ನಾಗೇಗೌಡ (1915-2005) ಅವರ ಕ್ಷೇತ್ರಗಳು ಬೇರೆಬೇರೆ. ಆದರೂ ಈ ಎರಡು ಬದುಕುಗಳ ತೌಲನಿಕ ನೋಟ ಅರ್ಥಪೂರ್ಣವಾದುದು. ವೃತ್ತಿರಂಗಭೂಮಿಯಿಂದ ಬಂದ ಬಾಲಕೃಷ್ಣರು 1943ರ ‘ರಾಧಾರಮಣ’ದಿಂದ ಮೊದಲ್ಗೊಂಡು ಸುಮಾರು ಐದು ದಶಕ ನಟಿಸಿದರು. ಕಿವಿ ಮಂದವಾಗಿದ್ದ ಅವರು ಎದುರು ಪಾತ್ರಧಾರಿಯ ತುಟಿಚಲನೆಯಿಂದಲೇ ಮಾತನ್ನು ಗ್ರಹಿಸುತ್ತಿದ್ದರು. ನಾಗೇಗೌಡರದಾದರೋ ಆಲಿಸುವ ಕಾಯಕ. ಆಡಳಿತ ಸೇವೆಯಲ್ಲಿದ್ದ ಅವರು ಹಳ್ಳಿಗರ ಕಂಠಸ್ಥ ಪದಗಳನ್ನು ಸಂಗ್ರಹಿಸಿದರು.

ಇಬ್ಬರೂ ತಮ್ಮ ಕಲೆಗೊಂದು ನೆಲೆ ಕಟ್ಟಬಯಸಿದವರೇ. ಕೆಂಗೇರಿಯ ಬಳಿ ಸರ್ಕಾರ ನೀಡಿದ ಭೂಮಿಯಲ್ಲಿ ಬಾಲಕೃಷ್ಣರು ಅಭಿಮಾನ್ ಸ್ಟುಡಿಯೋ ಸ್ಥಾಪಿಸಿದರು. ಅವರ ಕಾಲಾನಂತರ ಆ ಭೂಮಿ ವ್ಯಾಜ್ಯಕ್ಕೆ ಸಿಲುಕಿತು. 2009ರಲ್ಲಿ ನಿಧನರಾದ ವಿಷ್ಣುವರ್ಧನರ ಅಲ್ಲಿನ ಸಮಾಧಿಯೂ 2025ರ ಆಗಸ್ಟ್‌ನಲ್ಲಿ ನೆಲಸಮವಾಯಿತು. ನಾಗೇಗೌಡರು ಮೊದಲು ಕಟ್ಟಿದ್ದು ಸಂಸ್ಥೆಯನ್ನು: 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು. ಬಳಿಕ 1994ರಲ್ಲಿ ರಾಮನಗರದ ಬಳಿ 15 ಎಕರೆಯಲ್ಲಿ ಜಾನಪದ ಲೋಕ ತೆರೆಯಿತು. ಸ್ಥಾಪಕರು ತೀರಿಕೊಂಡ ಮೇಲೂ ಅದು ಉಳಿದುದಕ್ಕೆ ಈ ಅನುಕ್ರಮವೂ ಒಂದು ಕಾರಣವೆನ್ನಬಹುದು.

ಚಲನಚಿತ್ರವು ಪೋಷಕ ನಟನ ಮುಖವನ್ನು ಉಳಿಸುತ್ತದೆ. ಅವನು ಪಳಗಿದ ಬಗೆಯನ್ನು ಉಳಿಸುವುದಿಲ್ಲ. ತುಟಿ ನೋಡಿ ಸಂಭಾಷಣೆಯ ಲಯ ಹಿಡಿದ ಆ ಕೌಶಲವೂ ಒಂದು ಮೌಖಿಕ ಜ್ಞಾನವೇ. ಜಾನಪದ ಕಲಾವಿದರ ಮುಂದಿರಿಸಿದ ಧ್ವನಿಮುದ್ರಣ ಯಂತ್ರವನ್ನು ನಮ್ಮ ಹಿರಿಯ ಪೋಷಕ ನಟರ ಮುಂದೆಯೂ ಇರಿಸಬೇಕಾಗಿದೆ. ಅವರು ಬದುಕಿರುವಾಗಲೇ ಆಗಬೇಕಾದ ಕೆಲಸವಿದು.